ಸಾಕ್ಸ್ ಕೊನೆಯ ಮೆಟ್ಟಿಲು: ತೊಡೆಸಂದಿನ ಗ್ರಂಥಿ ತೆಗೆದ ಮೇಲೆ ಊದಿದ ಒಂದು ಕಾಲಿನ ಪ್ರಕರಣ

ಮೊದಲು ಸುಳಿವು ಕೊಟ್ಟದ್ದು ಕಾಲುಂಗುರ. ಶಸ್ತ್ರಚಿಕಿತ್ಸೆಯಾದ ಮೂರನೇ ತಿಂಗಳಲ್ಲಿ, ಸಂಜೆಯಾಗುತ್ತಿದ್ದಂತೆ ಬಲಗಾಲಿನ ಎರಡನೇ ಬೆರಳಿನ ಉಂಗುರ ಬಿಗಿಯತೊಡಗಿತು. ಬೆಳಿಗ್ಗೆ ಎದ್ದಾಗ ಸಡಿಲ. ಮನೆಯವರು ‘ನಿಂತು ನಿಂತು ಆಗಿದೆ’ ಅಂದರು. ಮುಂದಿನ ಐದು ತಿಂಗಳಲ್ಲಿ ಆ ಕಾಲು ಇನ್ನೊಂದಕ್ಕಿಂತ ಒಂದೂವರೆ ಲೀಟರ್ ದಪ್ಪವಾಯಿತು. ಆ ನಡುವೆ ಏನು ಮಾಡಿದ್ದರು, ಏನು ಮಾಡಬಹುದಿತ್ತು, ಆಮೇಲೆ ಏನು ಮಾಡಿದ್ದರಿಂದ ಕಾಲು ಇಳಿಯಿತು ಎಂಬುದೇ ಈ ಬರಹ.

ಇಲ್ಲಿ ಬರುವ ರೋಗಿ ಯಾರೋ ಒಬ್ಬ ನಿಜ ವ್ಯಕ್ತಿಯಲ್ಲ. ಈ ಶಸ್ತ್ರಚಿಕಿತ್ಸೆಯಾದವರು ಸಾಮಾನ್ಯವಾಗಿ ಹಾದುಬರುವ ದಾರಿಯನ್ನು ಒಬ್ಬರ ಕಥೆಯಾಗಿ ಹೆಣೆದಿದ್ದೇವೆ. ಅವರ ಅಳತೆಗಳೂ ಅಂಥವರಲ್ಲಿ ಕಾಣುವ ಮಟ್ಟದವು.

ರೋಗ ಮತ್ತು ಶಸ್ತ್ರಚಿಕಿತ್ಸೆ

ಮಂಡ್ಯ ಜಿಲ್ಲೆಯ ಭತ್ತ, ಕಬ್ಬು ಬೆಳೆಯುವ ಮನೆಯ 52 ವರ್ಷದ ಹೆಂಗಸು. ತೂಕ 68 ಕೆಜಿ. ಸಕ್ಕರೆ ಕಾಯಿಲೆ ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. ಬಲ ಹಿಮ್ಮಡಿಯಲ್ಲಿ ಎದ್ದ ಕಪ್ಪು ಮಚ್ಚೆಯನ್ನು ಒಂದೂವರೆ ವರ್ಷ ಆಣಿ ಎಂದುಕೊಂಡು ಕಾರ್ನ್ ಪ್ಲಾಸ್ಟರ್ ಹಚ್ಚಿದ್ದರು. ಅದು ಒಡೆದು ರಕ್ತ ಬಂದಾಗ ಚೂರು ತೆಗೆದು ಪರೀಕ್ಷಿಸಿದರು: ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್, ದಪ್ಪ 3.5 ಮಿ.ಮೀ. ಕಪ್ಪು, ಕಂದು ಮೈಬಣ್ಣದವರಲ್ಲಿ ಮೆಲನೋಮಾ ಬಂದರೆ ಬಹುತೇಕ ಅಂಗಾಲು, ಅಂಗೈ, ಉಗುರಿನ ಬುಡದಲ್ಲೇ ಬರುತ್ತದೆ. ಬರಿಗಾಲಲ್ಲಿ ಓಡಾಡುವ ಊರುಗಳಲ್ಲಿ ಅದನ್ನು ಆಣಿ, ಮುಳ್ಳು ಚುಚ್ಚಿದ ಗಾಯ ಎಂದುಕೊಂಡು ತಿಂಗಳುಗಟ್ಟಲೆ ಕಳೆಯುವುದು ಬಲು ಸಾಮಾನ್ಯ.

ತೊಡೆಸಂದಿನಲ್ಲಿ ಬೆರಳಿಗೆ ಸಿಗುವಂಥ ಗಂಟಿತ್ತು. ಸೂಜಿ ಪರೀಕ್ಷೆಯಲ್ಲಿ ಅಲ್ಲಿಯೂ ಕ್ಯಾನ್ಸರ್ ಕಂಡಿತು. ಹಿಮ್ಮಡಿಯ ಗೆಡ್ಡೆಯನ್ನು ಸುತ್ತ 2 ಸೆಂ.ಮೀ. ಅಂಚು ಬಿಟ್ಟು ತೆಗೆದು ಚರ್ಮದ ಕಸಿ ಹಾಕಿದರು; ಬಲ ತೊಡೆಸಂದಿನ ದುಗ್ಧಗ್ರಂಥಿಗಳನ್ನೆಲ್ಲ (ಲಿಂಫ್ ನೋಡ್) ಕೊಬ್ಬಿನ ಸಮೇತ ತೆಗೆದರು. ಈ ಎರಡನೆಯದರ ಬಗ್ಗೆ ಒಂದು ವಿಷಯ ಹೇಳಲೇಬೇಕು. ಸೆಂಟಿನೆಲ್ ಗ್ರಂಥಿಯಲ್ಲಿ, ಅಂದರೆ ಗೆಡ್ಡೆಯ ಕಡೆಯಿಂದ ರಸ ಮೊದಲು ಬಂದು ಸೇರುವ ಗ್ರಂಥಿಯಲ್ಲಿ ಮಾತ್ರ ಕ್ಯಾನ್ಸರ್ ಸಿಕ್ಕವರಿಗೆ ಉಳಿದ ಗ್ರಂಥಿಗಳನ್ನೂ ಕೂಡಲೇ ತೆಗೆಯುವುದರಿಂದ ಆಯುಷ್ಯ ಹೆಚ್ಚುವುದಿಲ್ಲ ಎಂದು 2017ರಲ್ಲಿ ಪ್ರಕಟವಾದ ದೊಡ್ಡ ಅಂತರರಾಷ್ಟ್ರೀಯ ಪ್ರಯೋಗವೊಂದು ತೋರಿಸಿತು. ಅದರಲ್ಲಿ ಗ್ರಂಥಿ ತೆಗೆಸಿಕೊಂಡವರ ಪೈಕಿ ಶೇ 24.1 ಜನರಿಗೆ ಲಿಂಫೆಡಿಮಾ, ಅಂದರೆ ದುಗ್ಧರಸ ನಿಂತು ಬರುವ ಊತ, ಬಂತು; ಅಲ್ಟ್ರಾಸೌಂಡ್ ಮಾಡಿಸುತ್ತ ಕಾದವರಲ್ಲಿ ಶೇ 6.3. ನಮ್ಮ ರೋಗಿಯಲ್ಲಿ ಗಂಟು ಕೈಗೇ ಸಿಗುತ್ತಿದ್ದುದರಿಂದ ತೆಗೆದದ್ದು ಸರಿಯೇ. ಆದರೆ ‘ಎಲ್ಲ ತೆಗೆದುಬಿಡೋಣ’ ಎಂಬ ಮಾತು ಬಂದಾಗ ಇವೆರಡರಲ್ಲಿ ತಮ್ಮದು ಯಾವುದು ಎಂದು ಕೇಳುವ ಹಕ್ಕು ರೋಗಿಗಿದೆ.

ಒಂದು ಲೋಪ ಮಾತ್ರ ಆಗಲೇ ಆಗಿತ್ತು: ಶಸ್ತ್ರಚಿಕಿತ್ಸೆಗೆ ಮೊದಲು ಯಾರೂ ಕಾಲುಗಳಿಗೆ ಟೇಪ್ ಹಿಡಿದಿರಲಿಲ್ಲ. ಹತ್ತು ನಿಮಿಷದ ಕೆಲಸ. ಆ ಅಂಕಿ ಕೈಯಲ್ಲಿದ್ದಿದ್ದರೆ ಮೂರನೇ ತಿಂಗಳಲ್ಲೇ ಅನುಮಾನಕ್ಕೆ ಎಡೆ ಇರುತ್ತಿರಲಿಲ್ಲ.

ಡ್ರೇನ್, ಗಾಯ, ನೀರುಗಂಟು

ತೊಡೆಸಂದಿನ ಗಾಯ ಮೊಂಡು ಗಾಯ. ಚರ್ಮದ ಪದರ ತೆಳು, ಜಾಗ ಬೆವರುತ್ತದೆ, ನಡೆದಾಗ ಮಡಚುತ್ತದೆ. ದೊಡ್ಡ ರಕ್ತನಾಳಗಳು ಬಯಲಾಗದಂತೆ ತೊಡೆಯ ಸಾರ್ಟೋರಿಯಸ್ ಸ್ನಾಯುವನ್ನು ಅವುಗಳ ಮೇಲೆ ಹೊದಿಸಿದ್ದರು. ಮರುದಿನವೇ ಮಂಚದ ಪಕ್ಕ ನಿಲ್ಲಿಸಿ, ಎರಡನೇ ದಿನ ಹಿಮ್ಮಡಿ ಊರದಂತೆ ವಾಕರ್ ಹಿಡಿಸಿ ನಡೆಸಿದರು. ರಕ್ತ ಹೆಪ್ಪುಗಟ್ಟದಿರಲೆಂದು ದಿನಕ್ಕೊಂದು ಎನಾಕ್ಸಪ್ಯಾರಿನ್ 40 ಮಿ.ಗ್ರಾಂ. ಚುಚ್ಚುಮದ್ದು.

ಗಾಯದೊಳಗಿನ ನೀರು ಹೊರತರಲು ಇಟ್ಟ ಡ್ರೇನ್ ಕೊಳವೆಯ ಡಬ್ಬಿಯನ್ನು ದಿನವೂ ಒಂದೇ ಹೊತ್ತಿಗೆ ಖಾಲಿ ಮಾಡಿ ಬರೆದಿಟ್ಟರು: ಮೊದಲ ದಿನ 180 ಮಿಲಿ, ಏಳನೇ ದಿನ 90, ಹದಿನಾಲ್ಕನೇ ದಿನ 40. ಎರಡು ದಿನ ಸತತ 30 ಮಿಲಿಗಿಂತ ಕಡಿಮೆ ಬಂದ ಮೇಲೆ, 17ನೇ ದಿನ, ಕೊಳವೆ ತೆಗೆದರು. ಮನೆಗೆ ಹೋಗುವ ಅವಸರಕ್ಕೆ 60, 70 ಮಿಲಿ ಬರುತ್ತಿರುವಾಗಲೇ ತೆಗೆಸಿದರೆ ಒಳಗೆ ನೀರು ನಿಲ್ಲುತ್ತದೆ. ಸೋಂಕಿನ ಭಯಕ್ಕೆ ವಾರಗಟ್ಟಲೆ ಬಿಡುವುದೂ ತಪ್ಪು. ಕೊಳವೆಯೇ ಸೋಂಕಿಗೆ ದಾರಿಯಾಗುತ್ತದೆ.

ಇಷ್ಟು ಕಾದರೂ ಕೊಳವೆ ತೆಗೆದ ಆರನೇ ದಿನಕ್ಕೆ ಮೊಟ್ಟೆ ಗಾತ್ರದ ನೀರುಗಂಟು ಕಟ್ಟಿತು. ಹೊರರೋಗಿ ವಿಭಾಗದಲ್ಲಿ ಶುಚಿಯಾಗಿ ಸೂಜಿ ಹಾಕಿ 60 ಮಿಲಿ, ಐದು ದಿನ ಬಿಟ್ಟು 35 ಮಿಲಿ ತೆಗೆದರು, ಆಮೇಲೆ ತುಂಬಲಿಲ್ಲ. ನೋವಿಲ್ಲದ ಸಣ್ಣ ಗಂಟಾದರೆ ಚುಚ್ಚದೆ ಬಿಡುವುದೇ ಲೇಸು. ಗಾಯದ ಅಂಚಿನ 2 ಸೆಂ.ಮೀ. ಚರ್ಮ ಕಪ್ಪಾಗಿ ಉದುರಿ, ಮೂರು ವಾರದ ಡ್ರೆಸಿಂಗಿನಲ್ಲಿ ಕೂಡಿಕೊಂಡಿತು. ಹೊಲಿಗೆ ಮಾಯಿತು, ಬಿಲ್ ಕಟ್ಟಿದ್ದಾಯಿತು. ಊರಿಗೆ ಹೊರಡುವಾಗ ಕೈಗಿತ್ತ ಚೀಟಿಯಲ್ಲಿ ಕಾಲಿನ ಊತದ ಬಗ್ಗೆ ಒಂದು ಸಾಲೂ ಇರಲಿಲ್ಲ.

ತೂಬು ಮುಚ್ಚಿದ ಕಾಲುವೆ

ಕಾಲಿನ ದುಗ್ಧರಸ (ಲಿಂಫ್) ಬಹುತೇಕ ತೊಡೆಸಂದಿನ ಮೂಲಕವೇ ಮೇಲೇರುವುದು. ಅಲ್ಲಿನ ಗ್ರಂಥಿ ಹೋದರೆ ತೂಬು ಮುಚ್ಚಿದಂತೆ. ರಸ ಚರ್ಮದಡಿಯ ಸಣ್ಣ ನಾಳಗಳಲ್ಲಿ ಬೇರೆ ದಾರಿ ಹುಡುಕಬೇಕು. ಎರಡು ದಾರಿಗಳು ಮುಖ್ಯ. ಒಂದು, ಸೊಂಟದ ಪಕ್ಕದಿಂದ ಅದೇ ಕಡೆಯ ಕಂಕುಳಿಗೆ. ಇನ್ನೊಂದು, ಹೊಟ್ಟೆಯ ಕೆಳಭಾಗ ದಾಟಿ ಎಡ ತೊಡೆಸಂದಿಗೆ. ಈ ಕಿರುಗಾಲುವೆಗಳಿಗೆ ಹಿಡಿಯದಷ್ಟು ರಸ ಬಂದಾಗ ಕಾಲು ಊದುತ್ತದೆ.

ನಿಂತದ್ದು ಬರೀ ನೀರಾಗಿದ್ದರೆ ಇಷ್ಟು ಕಷ್ಟವಿರಲಿಲ್ಲ. ಅದರಲ್ಲಿ ಪ್ರೋಟೀನು ಹೇರಳ, ಕಾಲುವೆಯಲ್ಲಿ ಹೂಳಿದ್ದ ಹಾಗೆ. ಮೂತ್ರ ಹೆಚ್ಚಿಸುವ ಮಾತ್ರೆ ನೀರನ್ನಷ್ಟೇ ಎಳೆಯುತ್ತದೆ, ಹೂಳು ಅಲ್ಲೇ ಉಳಿಯುತ್ತದೆ. ಹೂಳಿನ ಸುತ್ತ ಉರಿಯೂತವೆದ್ದು, ನಾರು ಬೆಳೆದು, ಕೊಬ್ಬು ಕಟ್ಟಿ, ಮೊದಲು ಬೆಳಿಗ್ಗೆ ಇಳಿಯುತ್ತಿದ್ದ ಊತ ಆಮೇಲೆ ಇಳಿಯುವುದೇ ಇಲ್ಲ. ಊರಿನ ಕ್ಲಿನಿಕ್ಕಿನಲ್ಲಿ ಇವರಿಗೆ ಎರಡು ತಿಂಗಳು ಅಂಥದೇ ಮಾತ್ರೆ, ಫ್ರುಸಮೈಡ್, ಕೊಟ್ಟಿದ್ದರು. ಮೂತ್ರ ಹೋಯಿತು, ಸುಸ್ತಾಯಿತು, ಕಾಲು ಹಾಗೆಯೇ ಇತ್ತು. ‘ಆನೆಕಾಲು ಇರಬಹುದು’ ಎಂದು ಡಿಇಸಿ ಮಾತ್ರೆಯನ್ನೂ ಒಂದು ಸುತ್ತು ನುಂಗಿದರು. ಫೈಲೇರಿಯಾ ಹುಳುವಿನಿಂದ ಬರುವ ಆನೆಕಾಲೂ ಲಿಂಫೆಡಿಮಾವೇ ನಿಜ. ಆದರೆ ಗ್ರಂಥಿ ಕತ್ತರಿಸಿದ್ದರಿಂದ ಬಂದ ಊತಕ್ಕೆ ಹುಳುವಿನ ಮಾತ್ರೆಯಿಂದ ಏನೂ ಆಗದು.

ಎಡವಿದ ಐದು ತಿಂಗಳು

ಮೂರನೇ ತಿಂಗಳ ಆ ಕಾಲುಂಗುರದ ಹೊತ್ತಿಗೆ ಕಾಲು ಮೊದಲ ಹಂತದಲ್ಲಿತ್ತು: ಒತ್ತಿದರೆ ಗುಳಿ, ಮಲಗಿ ಎದ್ದರೆ ಮಾಯ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಕಾಲಿನ ಎರಡನೇ ಬೆರಳಿನ ಬುಡದ ಮೇಲಿನ ಚರ್ಮವನ್ನು ಚಿವುಟಿ ಎತ್ತಿ. ಮಡಿಕೆಯಾಗಿ ಏಳದಿದ್ದರೆ ಲಿಂಫೆಡಿಮಾ ಎಂದೇ ತಿಳಿಯಬೇಕು. ಎದ್ದ ಮಾತ್ರಕ್ಕೆ ಇಲ್ಲವೆನ್ನಲಾಗದು. ಸ್ಟೆಮ್ಮರ್ ಚಿಹ್ನೆ ಎನ್ನುವುದು ಇದಕ್ಕೇ. ಮದುವೆಯಾದ ಹೆಂಗಸರು ಕಾಲುಂಗುರ ತೊಡುವುದೂ ಅದೇ ಬೆರಳಿಗೆ. ಹಾಗಾಗಿ ಅದು ಒಳ್ಳೆಯ ಅಳತೆಗೋಲು. ಕಾಲು ಊದಿದ ಮೇಲೆ ಅದೇ ಬೆರಳನ್ನು ಕತ್ತರಿಸುವ ತಂತಿಯೂ ಆಗುತ್ತದೆ. ‘ತೆಗೆದುಬಿಡಿ’ ಎಂದರೆ ಅನೇಕರು ಒಪ್ಪುವುದಿಲ್ಲ, ಒಪ್ಪದ್ದಕ್ಕೆ ಗದರಬಾರದು. ಬಲಗಾಲಿನದನ್ನು ತೆಗೆದು ಎಡಗಾಲಿನದನ್ನು ಉಳಿಸಿಕೊಳ್ಳಲಿ ಎಂದು ಮೊದಲೇ, ಮನೆಯ ಹಿರಿಯರ ಎದುರೇ ಹೇಳಿದರೆ ಕೆಲಸವಾಗುತ್ತದೆ. ಇವರಲ್ಲಿ ಆದದ್ದೂ ಹಾಗೆಯೇ, ಆದರೆ ಐದು ತಿಂಗಳು ತಡವಾಗಿ.

ಐದನೇ ತಿಂಗಳಲ್ಲಿ ಮೆಡಿಕಲ್ ಸ್ಟೋರಿನಿಂದ ಮೊಣಕಾಲುದ್ದದ ರೆಡಿಮೇಡ್ ಸಾಕ್ಸ್ ತಂದರು. ಊದಿದ ಕಾಲಿನ ಅಳತೆಗೇ ಕೊಂಡದ್ದು, ಅದೂ ವೆರಿಕೋಸ್ ರಕ್ತನಾಳಕ್ಕೆಂದು ಮಾಡಿದ ತೆಳು ನೇಯ್ಗೆಯದು. ಅದರ ಮೇಲಂಚು ಸುರುಳಿಯಾಗಿ ಮಂಡಿಯ ಕೆಳಗೆ ಹಗ್ಗದಂತೆ ಬಿಗಿಯಿತು. ಮಂಡಿ, ತೊಡೆ ಇನ್ನಷ್ಟು ಊದಿದವು. ಸಾಕ್ಸ್ ಕಾಲನ್ನು ಇಳಿಸುವ ಸಾಧನವಲ್ಲ, ಇಳಿದ ಕಾಲನ್ನು ಹಾಗೆಯೇ ಹಿಡಿದಿಡುವ ಸಾಧನ. ಮಲಗಿ ಎದ್ದರೂ ಇಳಿಯದ ಎರಡನೇ ಹಂತಕ್ಕೆ ಹೋದ ಕಾಲಿಗೆ ಮೊದಲು ಬ್ಯಾಂಡೇಜ್, ಆಮೇಲೆ ಸಾಕ್ಸ್. ಈ ಕ್ರಮ ತಲೆಕೆಳಗಾದದ್ದೇ ಈ ಪ್ರಕರಣದ ದೊಡ್ಡ ಎಡವಟ್ಟು ಎಂಬುದು ನಮ್ಮ ಅಭಿಪ್ರಾಯ.

ನಡುವೆ ಬಿಸಿ ಕಾವು, ಎಣ್ಣೆ ಹಾಕಿ ಬಲವಾಗಿ ನೀವಿಸುವುದೂ ನಡೆಯಿತು. ಕಾವಿನಿಂದ ರಕ್ತದ ಹರಿವು ಹೆಚ್ಚಿ ದುಗ್ಧರಸವೂ ಹೆಚ್ಚುತ್ತದೆ. ಬಿರುಸಾಗಿ ನೀವಿದರೆ ಇರುವ ಸಣ್ಣ ನಾಳಗಳಿಗೂ ಪೆಟ್ಟು.

ಏಳನೇ ತಿಂಗಳು, ನಾಟಿಯ ಕಾಲ. ಬೆರಳುಸಂದಿನ ಕೆಸರುಹುಣ್ಣು. ಒಂದು ರಾತ್ರಿ ನಡುಕ ಬಂದು 103 ಡಿಗ್ರಿ ಜ್ವರ. ಮಲೇರಿಯಾ ಇರಬಹುದೆಂದು ರಕ್ತಪರೀಕ್ಷೆಗೆ ಕಳಿಸಿದರು. ಸೀರೆ ಸರಿಸಿ ಕಾಲು ನೋಡಿದ್ದು ಮರುದಿನ. ಮೀನಖಂಡವಿಡೀ ಕೆಂಪಗೆ, ಮುಟ್ಟಿದರೆ ಬಿಸಿ. ಸೆಲ್ಯುಲೈಟಿಸ್, ಅಂದರೆ ಚರ್ಮ ಮತ್ತು ಅದರಡಿಯ ಸೋಂಕು. ಐದು ದಿನ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಆಂಟಿಬಯಾಟಿಕ್, ಆಮೇಲೆ ಒಂಬತ್ತು ದಿನ ಮಾತ್ರೆ. ಇಂಥ ಒಂದೊಂದು ಸೋಂಕೂ ಉಳಿದ ದುಗ್ಧನಾಳಗಳಲ್ಲಿ ಇನ್ನಷ್ಟನ್ನು ಹಾಳುಮಾಡುತ್ತದೆ, ಊತ ಹೆಚ್ಚುತ್ತದೆ, ಹೆಚ್ಚಿದ ಊತ ಮುಂದಿನ ಸೋಂಕನ್ನು ಕರೆಯುತ್ತದೆ. ಜ್ವರ ಬಿಟ್ಟರೂ ಕಾಲು ಇಳಿಯಲಿಲ್ಲ. ಗುಳಿ ಬೀಳುವುದೂ ಕಡಿಮೆಯಾಗಿತ್ತು. ಎರಡನೇ ಹಂತ.

ಚಿಕಿತ್ಸೆಗೆ ಮುನ್ನ

ಎಂಟನೇ ತಿಂಗಳಲ್ಲಿ ಲಿಂಫೆಡಿಮಾ ಬಲ್ಲ ಫಿಸಿಯೊಥೆರಪಿಸ್ಟ್ ಬಳಿ ಬಂದಾಗ ಮೊದಲ ದಿನವೇ ಬ್ಯಾಂಡೇಜ್ ಸುತ್ತಲಿಲ್ಲ. ಮೂರು ಸಂಗತಿ ತಿಳಿಯಬೇಕಿತ್ತು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಅಭಿಧಮನಿ ಕಟ್ಟಿಲ್ಲವೆಂದು ಕಂಡಿತು. ತೊಡೆಸಂದಿನ ಅಲ್ಟ್ರಾಸೌಂಡ್ ಮತ್ತು ಕಿಬ್ಬೊಟ್ಟೆಯ ಸಿಟಿ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಮರಳಿರಲಿಲ್ಲ. ಬೇಗ ಬೇಗ ಏರುವ, ನೋಯುವ, ತೊಡೆಯಿಂದ ಶುರುವಾಗುವ ಊತಕ್ಕೆ ಈ ಅನುಮಾನ ಯಾವಾಗಲೂ ಇರಬೇಕು. ಮೂರನೆಯದು ಧಮನಿ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 1.02 ಬಂತು. ಅದು 0.8ಕ್ಕಿಂತ ಕಡಿಮೆಯಿದ್ದರೆ ಒತ್ತಡ ತಗ್ಗಿಸಬೇಕು, 0.5ಕ್ಕಿಂತ ಕಡಿಮೆಯಿದ್ದರೆ ಬಿಗಿಯುವಂತೆಯೇ ಇಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಧಮನಿ ಗಟ್ಟಿಯಾಗಿ ಈ ಅಂಕಿ ಸುಳ್ಳೇ ಹೆಚ್ಚು ತೋರಿಸುವುದುಂಟು, ಹಾಗಾಗಿ ಹೆಬ್ಬೆರಳಿನ ಒತ್ತಡವನ್ನೂ ನೋಡಿದರು.

ಅಳತೆ ಹೀಗೆ. ಕಾಲು ಚಾಚಿ ಮಲಗಿಸಿ, ಕಣಕಾಲಿನಿಂದ ಮೇಲಕ್ಕೆ ಪ್ರತಿ 4 ಸೆಂ.ಮೀ.ಗೆ ಪೆನ್ನಿನಲ್ಲಿ ಗುರುತು. ಪ್ರತಿ ಗುರುತಿನಲ್ಲೂ ಸುತ್ತಳತೆ, ಟೇಪ್ ಚರ್ಮಕ್ಕೆ ತಾಗಿರಬೇಕು, ಒತ್ತಿರಬಾರದು. ಎರಡು ಗುರುತಿನ ನಡುವಿನ ತುಂಡಿನ ಗಾತ್ರ ಸಿಗಲು: ಎರಡೂ ಸುತ್ತಳತೆಗಳ ವರ್ಗ, ಜೊತೆಗೆ ಅವೆರಡರ ಗುಣಲಬ್ಧ, ಈ ಮೂರನ್ನೂ ಕೂಡಿ 4ರಿಂದ ಗುಣಿಸಿ 37.7ರಿಂದ ಭಾಗಿಸುವುದು. ಇವರ ಬಲ ಮೀನಖಂಡದಲ್ಲಿ 38 ಮತ್ತು 40 ಸೆಂ.ಮೀ. ನಡುವಿನ ತುಂಡು 484 ಮಿಲಿ. ಎಡಗಾಲಿನಲ್ಲಿ 34 ಮತ್ತು 36ರ ನಡುವಿನ ಅದೇ ತುಂಡು 390. ಹೀಗೆ ಎಲ್ಲ ಕೂಡಿದಾಗ ಎಡಗಾಲು 7,100 ಮಿಲಿ, ಬಲಗಾಲು 8,610. ಶೇ 21ರಷ್ಟು ಹೆಚ್ಚು. ಫೋನಿನ ಕ್ಯಾಲ್ಕುಲೇಟರಿನಲ್ಲಿ ಸೊಸೆಯೂ ಇದನ್ನು ಕಲಿತಳು.

ಮೂರು ವಾರದ ಬ್ಯಾಂಡೇಜ್

ವಾರಕ್ಕೆ ಆರು ದಿನ, ಬೆಳಿಗ್ಗೆ. ಬೆಚ್ಚಗಿನ ನೀರು, ಸೌಮ್ಯ ಸೋಪಿನಿಂದ ಕಾಲು ತೊಳೆದು, ಬೆರಳುಸಂದುಗಳನ್ನು ಬಟ್ಟೆಯಿಂದ ಒತ್ತಿ ಒಣಗಿಸಿ, ಹುಣ್ಣಿಗೆ ಕ್ಲೋಟ್ರಿಮಜೋಲ್, ಉಳಿದೆಡೆ ಮಾಯಿಶ್ಚರೈಸರ್.

ಆಮೇಲೆ ನಲವತ್ತು ನಿಮಿಷ ಕೈಯಿಂದ ದುಗ್ಧರಸ ಸರಿಸುವುದು. ಎಣ್ಣೆ ಇಲ್ಲ, ಒತ್ತುವುದೂ ಇಲ್ಲ. ಚರ್ಮವನ್ನು ಮೆಲ್ಲಗೆ ಎಳೆದು ಬಿಡುವುದಷ್ಟೇ. ಕಾಲಿನಿಂದ ಶುರುಮಾಡುವುದಿಲ್ಲ. ಮೊದಲು ಕುತ್ತಿಗೆ, ಹೊಟ್ಟೆಯಿಂದ ಆಳದ ಉಸಿರು, ಬಲ ಕಂಕುಳು, ಬಲ ಪಕ್ಕೆ, ಎಡ ತೊಡೆಸಂದು. ಆಮೇಲೆ ತೊಡೆ, ಮಂಡಿ, ಪಾದ. ಮುಂದಿನ ಕಾಲುವೆ ಬಿಡಿಸದೆ ಹಿಂದಿನ ತೂಬು ಎತ್ತಿದರೆ ನೀರು ಎಲ್ಲಿಗೆ ಹೋಗಬೇಕು? ಆದರೂ ಮೂರು ವಾರದಲ್ಲಿ ಕಾಲು ಇಳಿಸಿದ್ದರ ಮುಖ್ಯ ಶ್ರೇಯಸ್ಸು ಬ್ಯಾಂಡೇಜಿಗೇ ಸಲ್ಲಬೇಕು. ನೀವಿಸಿಕೊಂಡು ಬ್ಯಾಂಡೇಜ್ ಇಲ್ಲದೆ ಮನೆಗೆ ಹೋದರೆ ಸಂಜೆಯೊಳಗೆ ಎಲ್ಲ ವಾಪಸ್.

ಒಂದು ಕಾಲಿಗೆ ಬೇಕಾದದ್ದು: ಒಳಗೆ ಹತ್ತಿಯ ಕೊಳವೆ ಬಟ್ಟೆ, ಬೆರಳುಗಳಿಗೆ 4 ಸೆಂ.ಮೀ. ಅಗಲದ ಗಾಜ್ ಎರಡು ಸುರುಳಿ, ಮೆತ್ತೆಯ ಪ್ಯಾಡಿಂಗ್ ನಾಲ್ಕು ಸುರುಳಿ, ಕಣಕಾಲಿನ ಗಂಟಿನ ಸುತ್ತಲಿನ ತಗ್ಗಿಗೆ ಮತ್ತು ಕಸಿ ಹಾಕಿದ ಹಿಮ್ಮಡಿಗೆ ಫೋಮ್ ತುಂಡು, ಮೇಲೆ ಶಾರ್ಟ್ ಸ್ಟ್ರೆಚ್ ಬ್ಯಾಂಡೇಜ್ 5 ಮೀಟರ್ ಉದ್ದದವು: ಪಾದಕ್ಕೆ 8 ಸೆಂ.ಮೀ. ಅಗಲದ್ದು ಒಂದು, ಮೊಣಕಾಲವರೆಗೆ 10 ಸೆಂ.ಮೀ.ಯವು ಎರಡು, ತೊಡೆಗೆ 12 ಸೆಂ.ಮೀ.ಯವು ಮೂರು. ಕಿರುಬೆರಳನ್ನು ಬಿಟ್ಟು ಉಳಿದ ಬೆರಳಿಗೆ ಒಂದೊಂದಾಗಿ ಗಾಜ್. ಪಾದವನ್ನು ಲಂಬಕೋನದಲ್ಲಿ ಹಿಡಿಸಿ ಸುತ್ತಬೇಕು. ಚಾಚಿ ಸುತ್ತಿದರೆ ನಿಂತಾಗ ಕಣಕಾಲ ಮುಂದೆ ಮಡಿಕೆ ಬಿದ್ದು ಕೊರೆಯುತ್ತದೆ. ಎಳೆತ ಎಲ್ಲೆಡೆ ಒಂದೇ ಸಮ. ಸಣ್ಣ ಸುತ್ತಳತೆಯ ಕಣಕಾಲಲ್ಲಿ ಒತ್ತಡ ತಾನಾಗಿ ಹೆಚ್ಚು, ದಪ್ಪ ತೊಡೆಯಲ್ಲಿ ಕಡಿಮೆ ಆಗುತ್ತದೆ, ಬೇಕಾದದ್ದೂ ಅದೇ. ಮೇಲೆ ಹೋದಂತೆ ಕೈ ಬಿಗಿ ಮಾಡುವುದು ಹೊಸಬರ ತಪ್ಪು.

ಮನೆಯಲ್ಲಿದ್ದ ಕ್ರೇಪ್ ಬ್ಯಾಂಡೇಜ್ ಏಕೆ ಆಗದು? ಅದು ರಬ್ಬರಿನಂತೆ ಉದ್ದಕ್ಕೆ ಎಳೆಯುತ್ತದೆ. ಮಲಗಿದಾಗಲೂ ಹಿಸುಕುತ್ತಿರುತ್ತದೆ, ನಡೆಯುವಾಗ ಸ್ನಾಯು ಉಬ್ಬಿದರೆ ಜೊತೆಗೇ ಹಿಗ್ಗಿಬಿಡುತ್ತದೆ. ಶಾರ್ಟ್ ಸ್ಟ್ರೆಚ್ ಹಾಗಲ್ಲ: ಮಲಗಿದಾಗ ಸುಮ್ಮನಿರುತ್ತದೆ, ನಡೆದಾಗ ಉಬ್ಬುವ ಸ್ನಾಯುವಿಗೆ ಗೋಡೆಯಂತೆ ನಿಂತು ರಸವನ್ನು ಮೇಲೆ ದೂಡುತ್ತದೆ. ಅದಕ್ಕೇ ಬ್ಯಾಂಡೇಜ್ ಕಟ್ಟಿಕೊಂಡು ಮಲಗಿದರೆ ಅರ್ಧ ಪ್ರಯೋಜನವೂ ಇಲ್ಲ. ಇವರಿಗೆ ಹೇಳಿದ್ದು: ದಿನಕ್ಕೆರಡು ಬಾರಿ ಇಪ್ಪತ್ತು ನಿಮಿಷ ನಡಿಗೆ, ಗಂಟೆಗೊಮ್ಮೆ ಇಪ್ಪತ್ತು ಸಲ ಪಾದ ಮೇಲೆ ಕೆಳಗೆ, ಮಲಗಿ ಮಂಡಿ ಮಡಚಿ ಚಾಚುವುದು ಹದಿನೈದು ಸಲ.

ಬೆರಳು ನೀಲಿಯಾದರೆ, ಜೋಮು ಹಿಡಿದು ಬೆರಳಾಡಿಸಿದರೂ ಹೋಗದಿದ್ದರೆ, ಹೊಸ ನೋವು ಬಂದರೆ ರಾತ್ರಿಯಾದರೂ ಬಿಚ್ಚಬೇಕು. ಎರಡನೇ ದಿನ ಮಂಡಿಯ ಹಿಂದೆ ಬ್ಯಾಂಡೇಜ್ ಸುಕ್ಕಾಗಿ ಚರ್ಮ ಉಜ್ಜಿತು; ಅಲ್ಲಿಗೊಂದು ಪದರ ಪ್ಯಾಡಿಂಗ್ ಹೆಚ್ಚಿಸಿದ ಮೇಲೆ ಸರಿಹೋಯಿತು.

ಕಾಲು ಇಳಿದದ್ದು ಹೀಗೆ: 8,610ರಿಂದ ಮೊದಲ ವಾರಕ್ಕೆ 8,040, ಎರಡನೆಯದಕ್ಕೆ 7,730, ಮೂರನೆಯದಕ್ಕೆ 7,640 ಮಿಲಿ. ಹೆಚ್ಚುವರಿಯ ಸುಮಾರು ಮೂರರಲ್ಲಿ ಎರಡು ಪಾಲು ಹೋಗಿತ್ತು, ಮತ್ತು ಇಳಿಕೆ ನಿಲ್ಲುತ್ತಾ ಬಂದಿತ್ತು. ಸಾಕ್ಸಿನ ಅಳತೆ ತೆಗೆಯುವ ಹೊತ್ತು ಇದು. ಬೆಳಿಗ್ಗೆ, ಬ್ಯಾಂಡೇಜ್ ಬಿಚ್ಚಿದ ಕೂಡಲೇ. ಸಾಕ್ಸ್ ಬರುವವರೆಗೆ ಬ್ಯಾಂಡೇಜ್ ಬಿಡಬಾರದು, ಬಿಟ್ಟರೆ ಅಳತೆಯೇ ಸುಳ್ಳಾಗುತ್ತದೆ. ಆ ಎಂಟು ದಿನ ಮನೆಯಲ್ಲಿ ಸೊಸೆಯೇ ಸುತ್ತಿದಳು.

ಸಾಕ್ಸ್, ಸೀರೆ, ಗದ್ದೆ

ಅಳತೆ ಕೊಟ್ಟು ಹೊಲಿಸಿದ, ಹೊಲಿಗೆ ಕಾಣುವ ಫ್ಲ್ಯಾಟ್ ನಿಟ್ ಸಾಕ್ಸ್. ತೊಡೆಯವರೆಗೆ, ಸೊಂಟಕ್ಕೆ ಪಟ್ಟಿ. ಇದು ರೆಡಿಮೇಡಿನಂತೆ ಮಡಿಕೆಯಲ್ಲಿ ಕೊರೆಯುವುದಿಲ್ಲ. ಕಾಲಿನ ಲಿಂಫೆಡಿಮಾಕ್ಕೆ 3ನೇ ದರ್ಜೆ, ಅಂದರೆ 34ರಿಂದ 46 ಎಂಎಂ ಮರ್ಕ್ಯುರಿ ಒತ್ತಡದ್ದು, ಹೇಳುವುದು ವಾಡಿಕೆ. ಇವರ ಕೈಲಿ ಅದನ್ನು ಏರಿಸಿಕೊಳ್ಳಲು ಆಗಲಿಲ್ಲ. 23ರಿಂದ 32ರ 2ನೇ ದರ್ಜೆ ಕೊಟ್ಟು, ಮೊಣಕಾಲ ಕೆಳಗೆ ಮೇಲಿಂದ ವೆಲ್ಕ್ರೋ ಪಟ್ಟಿ ಸೇರಿಸಿದರು. ಪೆಟ್ಟಿಗೆಯಲ್ಲಿ ಕೂತ 3ನೇ ದರ್ಜೆಗಿಂತ ದಿನವೂ ಕಾಲಲ್ಲಿರುವ 2ನೇ ದರ್ಜೆ ಮೇಲು. ಎರಡು ಜೊತೆ ಬೇಕು, ಒಂದು ಒಗೆಯಲು. ಹಾಸಿಗೆಯಿಂದ ಇಳಿಯುವ ಮುನ್ನವೇ, ರಬ್ಬರ್ ಗ್ಲೌಸ್ ಹಾಕಿಕೊಂಡು ಏರಿಸಬೇಕು. ಕೊಬ್ಬರಿ ಎಣ್ಣೆ ರಾತ್ರಿ ಮಾತ್ರ. ಹಗಲು ಹಚ್ಚಿದರೆ ಸಾಕ್ಸಿನ ಎಲಾಸ್ಟಿಕ್ ಹಾಳು. ನಾಲ್ಕರಿಂದ ಆರು ತಿಂಗಳಿಗೆ ಬಿಗಿ ಹೋಗುತ್ತದೆ, ಆಗ ಹೊಸದು.

ಯಾವ ಕೈಪಿಡಿಯಲ್ಲೂ ಸಾಮಾನ್ಯವಾಗಿ ಕಾಣದ, ನಮ್ಮ ಹೆಂಗಸರಿಗೆ ಹೇಳಲೇಬೇಕಾದ ಒಂದು ಮಾತು ಲಂಗದ ಲಾಡಿ. ಬಲ ಪಕ್ಕೆಯಿಂದ ಕಂಕುಳಿಗೆ ಹೋಗುವ ಕಿರುಗಾಲುವೆ ಚರ್ಮದಡಿಯಲ್ಲೇ ಸೊಂಟವನ್ನು ದಾಟುತ್ತದೆ. ಅದರ ಮೇಲೆಯೇ ದಿನವಿಡೀ ಬಿಗಿದ ಲಾಡಿ ಬಿದ್ದರೆ ಅಷ್ಟು ಕಷ್ಟಪಟ್ಟು ಬಿಡಿಸಿದ ದಾರಿಗೆ ಅಡ್ಡಗಟ್ಟೆ. ಎರಡಂಗುಲ ಅಗಲದ ಬಟ್ಟೆಪಟ್ಟಿಯ ಲಂಗ ಹೊಲಿಸಿದರು, ಮನೆಯಲ್ಲಿ ನೈಟಿ.

ಗದ್ದೆಗೆ ಇಳಿಯುವುದನ್ನು ಬಿಡಿ ಎಂದರೆ ಬಿಡುವವರಲ್ಲ. ಗಮ್‌ಬೂಟು ಇಲ್ಲದೆ ಇಳಿಯುವುದಿಲ್ಲ ಎಂಬ ಒಪ್ಪಂದವಾಯಿತು. ಕಸಿ ಹಾಕಿದ ಹಿಮ್ಮಡಿಗೆ ಸ್ಪರ್ಶ ಸರಿಯಾಗಿಲ್ಲ, ಸಕ್ಕರೆ ಕಾಯಿಲೆ ಬೇರೆ. ರಾತ್ರಿ ಕನ್ನಡಿ ಇಟ್ಟು ಅಂಗಾಲು ನೋಡುವುದು ಕಡ್ಡಾಯ. ಬೆರಳುಸಂದಿನ ಬಿರುಕು, ಸಣ್ಣ ಮುಳ್ಳು ಯಾವುದೂ ಸಣ್ಣದಲ್ಲ. ನಡುಕ, ಜ್ವರ, ಕಾಲು ಕೆಂಪು ಎಂದರೆ ಅದೇ ದಿನ ಆಂಟಿಬಯಾಟಿಕ್. ‘ಗ್ರಂಥಿ ತೆಗೆದ ಕಾಲು’ ಎಂದು ಹೊಸ ವೈದ್ಯರಿಗೆ ತಾವೇ ಹೇಳಬೇಕು. ನೋವಿದ್ದಾಗ ಸಾಕ್ಸ್ ಬಿಚ್ಚಿ ಕಾಲು ಎತ್ತರಿಸಿಟ್ಟು, ತಡೆಯುವಂತಾದ ಕೂಡಲೇ ಮತ್ತೆ ಹಾಕಬೇಕು. ಮತ್ತೆ ಮತ್ತೆ ಬಂದರೆ ಪೆನಿಸಿಲಿನ್ 250 ಮಿ.ಗ್ರಾಂ. ದಿನಕ್ಕೆರಡು ಬಾರಿ ತಿಂಗಳುಗಟ್ಟಲೆ ಕೊಟ್ಟು ತಡೆಯುವ ಕ್ರಮವಿದೆ. ನಿಲ್ಲಿಸಿದ ಮೇಲೆ ಅದರ ರಕ್ಷೆ ಇಳಿಯುತ್ತದೆ. ಬಿಗಿಯುವುದೂ ಸೋಂಕಿಗೆ ಮದ್ದೇ: ಊದಿದ ಕಾಲಿಗೆ ಪದೇ ಪದೇ ಸೆಲ್ಯುಲೈಟಿಸ್ ಬರುತ್ತಿದ್ದವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಾಕ್ಸ್ ಹಾಕಿದವರಲ್ಲಿ ಶೇ 15 ಜನರಿಗೆ, ಹಾಕದವರಲ್ಲಿ ಶೇ 40 ಜನರಿಗೆ ಸೋಂಕು ಮರಳಿತ್ತು.

ಗಾಳಿ ತುಂಬುವ ಪಂಪ್ ಕೊಳ್ಳಬೇಕೇ ಎಂದು ಮಗ ಕೇಳಿದ. ತೊಡೆಸಂದಿನ ಗ್ರಂಥಿ ಇಲ್ಲದವರಲ್ಲಿ ಅದು ರಸವನ್ನು ಜನನಾಂಗದ ಕಡೆಗೆ ದೂಡಬಹುದು. ಮೊದಲು ಹೊಟ್ಟೆ, ಪಕ್ಕೆಯ ದಾರಿ ಬಿಡಿಸದೆ ಅದನ್ನು ಒಂಟಿಯಾಗಿ ಬಳಸಬಾರದು ಎಂದು ತಿಳಿಸಿ ಸದ್ಯಕ್ಕೆ ಬೇಡವೆಂದರು. ದುಗ್ಧನಾಳವನ್ನು ಅಭಿಧಮನಿಗೆ ಜೋಡಿಸುವ ಸೂಕ್ಷ್ಮ ಶಸ್ತ್ರಚಿಕಿತ್ಸೆಯ ಮಾತೂ ಬಂತು. ಅದು ಆದ ಮೇಲೂ ಅನೇಕರಿಗೆ ಸಾಕ್ಸ್ ತಪ್ಪುವುದಿಲ್ಲ ಎಂದು ಗೊತ್ತಾದ ಮೇಲೆ ಇವರು ಕಾದು ನೋಡಲು ಬಯಸಿದರು.

ಹದಿಮೂರನೇ ತಿಂಗಳು, ಯುಗಾದಿಯ ಬಿಸಿಲು. ಸೆಕೆ ತಾಳಲಾಗದೆ ಹನ್ನೆರಡು ದಿನ ಸಾಕ್ಸ್ ಬಿಟ್ಟಿದ್ದರು. ಕಾಲು 7,910ಕ್ಕೆ ಏರಿತ್ತು. ‘ಬೈತೀರೇನೋ ಅಂತ ಹೇಳ್ಲಿಲ್ಲ’ ಎಂದರು, ಯಾರೂ ಬೈಯಲಿಲ್ಲ. ಮನೆಯಲ್ಲೇ ನಾಲ್ಕು ದಿನ ಬ್ಯಾಂಡೇಜ್ ಸುತ್ತಿ 7,680ಕ್ಕೆ ಇಳಿಸಿ, ಅದೇ ಸಾಕ್ಸಿಗೆ ಮರಳಿದರು. ಈಗ ಮಧ್ಯಾಹ್ನ ಸಾಕ್ಸಿನ ಮೇಲೆಯೇ ತಣ್ಣೀರು ಸಿಂಪಡಿಸಿ ಫ್ಯಾನಿನಡಿ ಕೂರುತ್ತಾರೆ. ಏಳನೇ ತಿಂಗಳ ನಂತರ ಸೋಂಕು ಮತ್ತೆ ಬಂದಿಲ್ಲ. ಮೂರು ತಿಂಗಳಿಗೊಮ್ಮೆ ಕ್ಯಾನ್ಸರ್ ತಪಾಸಣೆಗೆ ಬಂದಾಗ ತೊಡೆಸಂದಿನ ಅಲ್ಟ್ರಾಸೌಂಡ್ ಆದ ಬಳಿಕ, ಅದೇ ಮಂಚದ ಮೇಲೆ, ಟೇಪ್ ಹಿಡಿದು ಎರಡೂ ಕಾಲು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಮುಂದಿನ ಭೇಟಿಗೆ ಹೊಸ ಜೊತೆ ಸಾಕ್ಸಿನ ಅಳತೆಯನ್ನೂ ಕೊಡಬೇಕಿದೆ.